ಮುರಿದ ಸಾಲುಗಳನ್ನು ಕೂಡಿಸಿದ ಅಕ್ಕ

ಸೂರತ್‌ನ ಅಡಾಜಣ್ ಬಡಾವಣೆಯಲ್ಲಿ ನನ್ನ ಜೊತೆ ಫ್ಲ್ಯಾಟ್ ಹಂಚಿಕೊಂಡಿದ್ದ ಅಕ್ಕ ವಿಜಯಪುರದ ಕಡೆಯವರು. ಬ್ಯಾಂಕಿನಲ್ಲಿ ಅಧಿಕಾರಿ. ಕಾಲೇಜಿನಲ್ಲಿದ್ದಾಗಲೇ ದೃಷ್ಟಿ ಪೂರ್ತಿ ಹೋಗಿತ್ತು. ಲ್ಯಾಪ್‌ಟಾಪ್ ಪರದೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದುತ್ತಿತ್ತು. ಅವರು ಕೇಳಿಸಿಕೊಂಡು ಕೆಲಸ ಮಾಡುತ್ತಿದ್ದರು. ಆ ದನಿಯ ವೇಗಕ್ಕೆ ನನಗೆ ಒಂದು ಪದವೂ ಹಿಡಿಯಲು ಸಿಗುತ್ತಿರಲಿಲ್ಲ.

ಸುತ್ತಮುತ್ತಲಿನ ಕನ್ನಡದ ಮನೆಗಳ ಮಕ್ಕಳಿಗೆ ಭಾನುವಾರ ಕಥೆ ಹೇಳಲು ಅಕ್ಕ ಒಪ್ಪಿಕೊಂಡಿದ್ದರು. ಊರಿನಿಂದ ಜನಪದ ಕಥೆಗಳ ಹಳೆಯ ಪುಸ್ತಕವೊಂದನ್ನು ತರಿಸಿದರು. ನಾನು ಪುಟಗಳ ಫೋಟೊ ತೆಗೆದೆ. ಫೋನಿನ ಆ್ಯಪ್ ಅದನ್ನು ಅಕ್ಷರಕ್ಕೆ ಇಳಿಸಿತು. ಆದರೆ ಅಚ್ಚಿನಲ್ಲಿ ಸಾಲು ಮುಗಿದ ಕಡೆಯಲ್ಲೆಲ್ಲ ಇಲ್ಲೂ ಸಾಲು ತುಂಡಾಗಿತ್ತು. “ಮುದುಕಿ ಬಾಗಿಲು ತೆ” ಎಂದು ದನಿ ನಿಲ್ಲುತ್ತಿತ್ತು. ತುಸು ತಡೆದು “ರೆದಳು” ಎನ್ನುತ್ತಿತ್ತು.

“ಹಿಂಗ ಬಿಕ್ಕಿ ಬಿಕ್ಕಿ ಹೇಳಿದ್ರ ಹುಡುಗ್ರು ಎದ್ದು ಹೋಗ್ತಾವ,” ಎಂದರು ಅಕ್ಕ.

“ಕೊಡಿ ಅಕ್ಕ, ಎಲ್ಲಾ ಸಾಲೂ ಸೇರಿಸಿಬಿಡ್ತೀನಿ.”

ಸೇರಿಸಿದೆ. ಇಡೀ ಕಥೆ ಒಂದೇ ಮುದ್ದೆಯಾಯಿತು. ಮುದುಕಿಯ ಮಾತು ಎಲ್ಲಿ ಮುಗಿಯಿತು, ನರಿಯದು ಎಲ್ಲಿ ಶುರುವಾಯಿತು, ತಿಳಿಯುವಂತಿರಲಿಲ್ಲ. ಅಕ್ಕ ನಕ್ಕು, ನಾನು ಮಾಡಿದ್ದನ್ನು ರದ್ದು ಮಾಡಿ, ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡರು.

“ಖಾಲಿ ಸಾಲು ಬಂದಲ್ಲಿ ಪ್ಯಾರಾ ಮುಗೀತು ಅಂತ ಅರ್ಥ. ಮೊದ್ಲ ಅದನ್ನ ಉಳಿಸ್ಕೋಬೇಕು.”

ಖಾಲಿ ಸಾಲಿದ್ದ ಕಡೆಯಲ್ಲೆಲ್ಲ, ಕಥೆಯಲ್ಲಿ ಬಾರದ ಒಂದು ಚಿಹ್ನೆ ಹಾಕಿದರು. ಸಾಲಿನ ತುದಿಯಲ್ಲಿ ಅಡ್ಡಗೆರೆ ಇದ್ದರೆ ಅದು ಒಡೆದ ಪದ. ಗೆರೆ ತೆಗೆದು ತುಂಡುಗಳನ್ನು ಅಂಟಿಸಿದರು. ಉಳಿದ ಸಾಲುಗಳನ್ನು ನಡುವೆ ಒಂದು ಸ್ಪೇಸ್ ಕೊಟ್ಟು ಕೂಡಿಸಿದರು. ಆಮೇಲೆ ಚಿಹ್ನೆ ಇದ್ದಲ್ಲೆಲ್ಲ ಅದನ್ನು ತೆಗೆದು ಹೊಸ ಪ್ಯಾರಾ ಮಾಡಿದರು. ಮೌಸ್ ಮುಟ್ಟಲೇ ಇಲ್ಲ.

ನನ್ನ ಕಣ್ಣಿಗೆ ಕೆಲಸ ಮುಗಿದಿತ್ತು. ಅಕ್ಕ ಮಾತ್ರ ಬಾಣದ ಕೀಲಿ ಒತ್ತುತ್ತ ಒಂದೊಂದೇ ಅಕ್ಷರ ಕೇಳಿಸಿಕೊಂಡರು. “ಇಲ್ಲಿ ಎರಡು ಸ್ಪೇಸ್ ಕೂತಾವ ನೋಡು,” ಎಂದರು. ಬಗ್ಗಿ ನೋಡಿದೆ, ನಿಜ. ಅಂಥ ಜೋಡಿಗಳನ್ನೆಲ್ಲ ಹುಡುಕಿಸಿ ಒಂದಾಗಿಸಿದರು. ನರಿ ಹಾಡುವ ಜಾಗ ಬಂದಾಗ ಬೆರಳು ನಿಂತಿತು. ಹಾಡೂ ಗದ್ಯದಂತೆ ಕೂಡಿಹೋಗಿತ್ತು. ಮೆಲ್ಲಗೆ ಗುನುಗಿಕೊಳ್ಳುತ್ತ, ಉಸಿರು ಬಿಡುವ ಕಡೆ ಎಂಟರ್ ಒತ್ತಿ, ಹಾಡನ್ನು ಮತ್ತೆ ಸಾಲು ಸಾಲಾಗಿ ಬಿಡಿಸಿದರು. ಅಷ್ಟು ಪ್ರೀತಿಯಿಂದ ಯಾರೂ ಎಂಟರ್ ಕೀಲಿ ಒತ್ತಿದ್ದನ್ನು ನಾನು ಕಂಡಿರಲಿಲ್ಲ.

“ಇದನ್ನೆಲ್ಲ ಯಾರು ಕಲಿಸಿದ್ರು ಅಕ್ಕ?”

“ಯಾರು ಕಲಿಸ್ತಾರ? ಓದೋ ಆಸೆ ಇತ್ತು, ಪುಸ್ತಕ ಹಿಂಗ ಒಡೆದು ಬರ್ತಿದ್ವು. ಕೂಡಿಸ್ಕೋತ ಕೂಡಿಸ್ಕೋತ ಕಲ್ತೆ.”

ಭಾನುವಾರ ನಮ್ಮ ಹಾಲ್ ತುಂಬ ಮಕ್ಕಳು. ಅಕ್ಕ ಒಂದು ಕಿವಿಗೆ ಇಯರ್‌ಫೋನ್ ಇಟ್ಟುಕೊಂಡು, ಕೇಳುತ್ತಲೇ ತಮ್ಮ ಮಾತಿನಲ್ಲಿ ಕಥೆ ಹೇಳಿದರು. ಎಲ್ಲೂ ತಡವರಿಸಲಿಲ್ಲ. ನರಿ ಬಾಗಿಲು ಬಡಿಯುವ ಹೊತ್ತಿಗೆ ಬೇಕೆಂದೇ ನಿಲ್ಲಿಸಿದರು.

“ಫಿರ್ ಕ್ಯಾ ಹುವಾ?” ಎಂದು ಹಿಂದಿಯಲ್ಲಿ ಕೇಳಿದಳು ಮುಂದೆ ಕೂತಿದ್ದ ಹುಡುಗಿ.

“ಕನ್ನಡದಾಗ ಕೇಳು, ಹೇಳ್ತೀನಿ.”

ಅವಳು ಹಿಂದೆ ಕೂತಿದ್ದ ತನ್ನ ಅಮ್ಮನ ಮುಖ ನೋಡಿದಳು. ಅಮ್ಮ ಏನೂ ಹೇಳಿಕೊಡಲಿಲ್ಲ. ಸ್ವಲ್ಪ ಯೋಚಿಸಿ, ಅವಳೇ ಮೆಲ್ಲಗೆ ಕೇಳಿದಳು: “ಆಮೇಲೆ?”