ಕರಿದ ಎಣ್ಣೆಯ ಜೀಪಿನಲ್ಲಿ ಬೀದರಿಗೆ

ಮಕ್ಕಳೇ, ಅಪೂರ್ವಾ, ಓಂಕಾರ! ನನ್ನ ಅಕ್ಕ ನೀಲಮ್ಮ ಆಪರೇಷನ್ ಆಗದೆ ಆಸ್ಪತ್ರೆಯಿಂದ ಏಕೆ ಮರಳಿದಳೆಂದು ನೀವು ಕೇಳಿದ್ದಿರಿ. ಅಂದು ನಾನು ಒಲೆಯ ಕಡೆ ತಿರುಗಿದೆ. ಈಗ ಬರೆಯುತ್ತೇನೆ.

ಪುಷ್ಯ ಮಾಸದ ಚಳಿ. ಬೆಳಿಗ್ಗೆ ಐದಕ್ಕೆ ಹೈದರಾಬಾದಿನ ಕಾಚಿಗೂಡದಿಂದ ನಾನು ಮತ್ತು ತಮ್ಮ ಶಿವಪುತ್ರ ಅವನ ಹಳೆಯ ಡೀಸೆಲ್ ಜೀಪಿನಲ್ಲಿ ಹೊರಟೆವು. ಬೀದರಿನಲ್ಲಿ ಹತ್ತು ಗಂಟೆಗೆ ಅಕ್ಕನ ಗರ್ಭಕೋಶದ ಗಡ್ಡೆ ತೆಗೆಯುವವರಿದ್ದರು. "ನೀ ಬಂದು ಕೈ ಹಿಡದ್ರ ಒಳಗ ಹೋಗತೀನಿ, ಇಲ್ಲಂದ್ರ ಒಲ್ಲೆ" ಎಂದು ಹಿಂದಿನ ಸಂಜೆ ಫೋನಿನಲ್ಲಿ ಹೇಳಿದ್ದಳು. ತಾಯಿ ಸತ್ತ ಮೇಲೆ ನನ್ನನ್ನು ಬೆಳೆಸಿದವಳು ಅವಳು.

ಆ ಜೀಪು ಓಡುವುದು ಕರಿದು ಉಳಿದ ಎಣ್ಣೆಯಿಂದ. ನನ್ನ ಮಿರ್ಚಿ ಭಜಿ ಅಂಗಡಿಯ ಎಣ್ಣೆಯನ್ನು ಶಿವಪುತ್ರ ಬಟ್ಟೆಯಲ್ಲಿ ಎರಡು ಸಲ ಸೋಸಿ ದೊಡ್ಡ ಟ್ಯಾಂಕಿಗೆ ಸುರಿಯುತ್ತಾನೆ. ಡೀಸೆಲ್ ಸಣ್ಣ ಟ್ಯಾಂಕಿನಲ್ಲಿ. ಎಂಜಿನ್ ಡೀಸೆಲ್ ಮೇಲೆ ಶುರುವಾಗಿ, ಬಿಸಿಯಾದ ಮೇಲೆ ಎಣ್ಣೆಗೆ ತಿರುಗಬೇಕು. ನಿಲ್ಲಿಸುವ ಮುಂಚೆ ಮತ್ತೆ ಡೀಸೆಲ್ ಹರಿಸಿ ಕೊಳವೆ ತೊಳೆಯಬೇಕು.

ಮಿಯಾಪುರ ದಾಟಿದಾಗ ಇನ್ನೂ ಬೆಳಕಾಗಿರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಎಣ್ಣೆಯ ಪ್ಲಾಸ್ಟಿಕ್ ಡಬ್ಬದ ತಳ ಬೆಳ್ಳಗಾಗಿದ್ದನ್ನು ಬೀದಿದೀಪದ ಬೆಳಕಿನಲ್ಲಿ ನೋಡಿ, "ಶಿವಪುತ್ರ, ಥಂಡಿಗೆ ಎಣ್ಣಿ ಹೆಪ್ಪಗಟ್ಟೂ ಹಂಗ ಕಾಣತದ" ಎಂದೆ.

"ಶೇಂಗಾ ಎಣ್ಣಿ ಈ ಥಂಡಿಗೆ ಹೆಪ್ಪಗಟ್ಟೂದಿಲ್ಲಕ್ಕಾ. ನೀ ಭಜಿ ನೋಡ್ಕೋ, ಗಾಡಿ ನನಗ ಬಿಡು" ಎಂದು ನಕ್ಕ.

ನಾನು ಸೆರಗು ಹೊದ್ದು ಮುಂದಕ್ಕೆ ತಿರುಗಿದೆ. ಅಂಗಡಿಯ ಫಲಕದಲ್ಲಿ ಶೇಂಗಾ ಎಣ್ಣೆ ಎಂದೇ ಇತ್ತು. ಎರಡು ವರ್ಷದಿಂದ ಬಾಣಲೆಯಲ್ಲಿ ಇದ್ದದ್ದು ಚಳಿಗೆ ಬೇಗ ಗಟ್ಟಿಯಾಗುವ ಅಗ್ಗದ ಪಾಮಾಯಿಲ್. ಗಿರಾಕಿಗಳಿಗೂ ಹೇಳಿರಲಿಲ್ಲ, ತಮ್ಮನಿಗೂ ಹೇಳಿರಲಿಲ್ಲ.

ಏಳೂವರೆಗೆ ಜಹೀರಾಬಾದಿನ ಹತ್ತಿರ ಚಹಾಕ್ಕೆ ನಿಲ್ಲಿಸಿದ. ಡೀಸೆಲ್ ಹರಿಸಲಿಲ್ಲ, ಐದೇ ನಿಮಿಷ ಎಂದ. ಮುಕ್ಕಾಲು ಗಂಟೆಯಾಯಿತು. ಕಟ್ಟಡದ ಕೆಲಸಕ್ಕೆ ಹೊರಟವರು ಸುತ್ತ ನಿಂತರು, ಇವನು ಬಾನೆಟ್ ಎತ್ತಿ ಭಜಿ ಎಣ್ಣೆಯಲ್ಲಿ ಓಡುವ ಗಾಡಿಯ ಬಗ್ಗೆ ಭಾಷಣಕ್ಕೆ ನಿಂತ. "ಅಣ್ಣಾ, ನಿನ್ನ ಗಾಡಿ ಹಿಂದ ಬಂದ್ರ ಹೊಗಿ ವಾಸನಿಗೇ ಹಸಿವ ಆಗತೈತಿ, ಚಟ್ನಿನೂ ಇಟ್ಟೀ ಏನ?" ಎಂದ ಒಬ್ಬ. ಎಲ್ಲರೂ ನಕ್ಕರು. ನನ್ನ ಮೈ ಉರಿಯಿತು. ಆದರೆ ಅಷ್ಟು ಗಂಡಸರ ನಡುವೆ ಹೋಗಿ "ನಡಿ" ಎನ್ನಲು ಧೈರ್ಯ ಬರಲಿಲ್ಲ.

ಜೀಪು ಶುರುವಾಗಲಿಲ್ಲ. ಅವನು ಫಿಲ್ಟರ್ ಬಿಚ್ಚಿದ, ಬ್ಯಾಟರಿಯನ್ನು ಬೈದ, ಪಂಪನ್ನು ಬೈದ. ಎರಡು ಬೀದರ್ ಬಸ್ಸು ಹೋದವು. ಪ್ರತಿ ಸಲ ನಾನು ಚೀಲ ಎತ್ತಿದಾಗ, "ಆತು ತಡೀ ಅಕ್ಕಾ, ಹೆಣ್ಣಮಕ್ಕಳಿಗೆ ಎಲ್ಲಾದಕ್ಕೂ ಅವಸರ" ಎಂದ. ಒಂಬತ್ತಾಯಿತು. ಚಹಾ ಹೋಟೆಲಿನಾಕೆ ಹೊರಬಂದು "ಏಮೈಂದಮ್ಮಾ?" ಎಂದು ತೆಲುಗಿನಲ್ಲಿ ಕೇಳಿದಳು. ಏನಾಯಿತೆಂದು ಅವಳಿಗೇ ಮೊದಲು ಹೇಳಿದೆ, ಅವನಿಗೂ ಕೇಳುವ ಹಾಗೆ: "ಅದು ಪಾಮಾಯಿಲ್ ಐತಿ. ಕೊಳವಿಯೊಳಗ ಗಟ್ಟಿ ಆಗೈತಿ. ಕುದಿಯೂ ನೀರ ಕೊಡು."

ಶಿವಪುತ್ರ ಸ್ಪ್ಯಾನರ್ ನೆಲಕ್ಕೆ ಒಗೆದ. "ಮೊದ್ಲ ಹೇಳಾಕ ಏನಾಗಿತ್ತು ನಿನಗ?"

"ನಿನಗ ಡೀಸೆಲ್ಲಿಗೆ ತಿರುವಾಕ ಏನಾಗಿತ್ತು?" ಎಂದೆ. ಜನ್ಮದಲ್ಲಿ ಮೊದಲ ಸಲ ನಡುರಸ್ತೆಯಲ್ಲಿ ಕೂಗಿದೆ. ಕೊಳವೆಗೆ ಹೊರಗಿನಿಂದ ಮೂರು ಕೊಡ ಕುದಿನೀರು ಸುರಿದ ಮೇಲೆ ಎಂಜಿನ್ ಕೆಮ್ಮಿ ಎದ್ದಿತು.

ಆಸ್ಪತ್ರೆ ತಲುಪಿದಾಗ ಹತ್ತು ಮುಕ್ಕಾಲು. ಅಕ್ಕ ಮೆಟ್ಟಿಲ ಮೇಲೆ ಚೀಲ ತೊಡೆಯಲ್ಲಿಟ್ಟು ಕುಳಿತಿದ್ದಳು. ಅವಳ ಸರದಿಯಲ್ಲಿ ಬೇರೊಬ್ಬಳು ಒಳಗೆ ಹೋಗಿದ್ದಳು. "ಬಾಗಿಲ ಕಡೆ ನೋಡಿ ನೋಡಿ ಇದ್ದಷ್ಟು ಧೈರ್ಯ ಹೋತು" ಎಂದಳು. ನರ್ಸಮ್ಮ ಮುಂದಿನ ತಿಂಗಳ ತಾರೀಖಿನ ಚೀಟಿ ಬರೆದುಕೊಡಲು ಬಂದರು. ಅಕ್ಕ ಕೈ ಚಾಚಲಿಲ್ಲ. ನಾನು ಅವಳ ಕೈ ಹಿಡಿದೆ. ಮೆಲ್ಲಗೆ ಬಿಡಿಸಿಕೊಂಡಳು.

ಅಕ್ಕನನ್ನು ಊರಿನ ಬಸ್ಸು ಹತ್ತಿಸಿ, ನಾನೂ ಬಸ್ಸಿನಲ್ಲೇ ಹೈದರಾಬಾದಿಗೆ ಮರಳಿದೆ. ಜೀಪು ಹತ್ತಲಿಲ್ಲ. ಕಿಟಕಿಯಿಂದ ನೋಡಿದಾಗ ಶಿವಪುತ್ರ ಮತ್ತೆ ಬಾನೆಟ್ ಎತ್ತಿ ಯಾರಿಗೋ ತೋರಿಸುತ್ತಿದ್ದ.

ಗಡ್ಡೆ ಇನ್ನೂ ಅವಳೊಳಗಿದೆ, ಸಿಟ್ಟು ನನ್ನೊಳಗಿದೆ. ನೀಲಮ್ಮ ಹೆದರಿ ಓಡಿಬಂದಳು ಎಂದು ಶಿವಪುತ್ರ ನೆಂಟರ ಮನೆಗಳಲ್ಲಿ ಹೇಳಿ ನಗಿಸುತ್ತಾನೆ. ಅವನ ದನಿ ದೊಡ್ಡದು, ನನ್ನದು ಪಕ್ಕದವರಿಗೂ ಕೇಳಿಸುವುದಿಲ್ಲ. ಅವಳು ಹೆದರಿದ್ದು ನಿಜ. ಹೆದರಲು ಬಿಟ್ಟವರು ನಾವಿಬ್ಬರು. ಅವಳನ್ನು ನೋಡಿ ಯಾರಾದರೂ ನಕ್ಕರೆ ಓದಿ ಹೇಳಲು ಈ ಹಾಳೆಗಳು ಬೇಕಾಗುತ್ತವೆ. ಹರಿಯದಂತೆ, ಕಳೆಯದಂತೆ ನಿಮ್ಮ ಹತ್ತಿರ ಇಟ್ಟುಕೊಳ್ಳಿ.