ಕಾಜಕ್ಕನ ತುದಿದಾರ

ಕಾಜಕ್ಕನಿಗೆ ಸಿಟ್ಟು ಬಂದರೆ ಹೊಲಿಗೆ ಅಂಗಡಿಯ ಕತ್ತರಿಯೂ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚುವುದು ಅವಳ ಕೆಲಸ, ಹೆಸರೂ ಅದರಿಂದಲೇ ಅಂಟಿಕೊಂಡಿದ್ದು. ಆ ವರ್ಷ ಮಾತ್ರ ಅವಳ ಸಿಟ್ಟೆಲ್ಲ ಒಬ್ಬನ ಮೇಲೆ. ಬೀಗ ರಿಪೇರಿ ಅಂಗಡಿ ಇಟ್ಟಿದ್ದ ಒಡಹುಟ್ಟಿದ ಅಣ್ಣನ ಮೇಲೆ.

ಕಾರಣ ಒಂದು ಹಳ್ಳ. ಊರಾಚೆ ಹಿಟ್ಟಿನ ಗಿರಣಿಯ ಹಿಂದೆ ಮರಗಳ ನಡುವೆ ಹರಿಯುವ ಪುಟ್ಟ ಹಳ್ಳ. ಗಿರಣಿಯ ಯಜಮಾನಿ ಅಲ್ಲಿ ಇವರ ಅಪ್ಪನ ಹೊರತು ಇನ್ಯಾರನ್ನೂ ಗಾಳ ಹಾಕಲು ಬಿಡುತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ, "ಭಾನುವಾರಕ್ಕೆ ಒಂದೇ ಕೋಲು. ಯಾರು ಬರ್ತೀರೋ ನೀವೇ ನೋಡ್ಕೊಳ್ಳಿ" ಅಂದಳು. ಅಣ್ಣ ನೋಡಿಕೊಂಡ. ಅಪ್ಪನ ಕೋಲನ್ನು ತನ್ನ ಅಂಗಡಿಯ ಗೋಡೆಗೆ ಏರಿಸಿಬಿಟ್ಟ. ಅಪ್ಪನ ಹಿಂದೆ ಬುಟ್ಟಿ ಹೊತ್ತು ನಡೆದವಳು, ಬೆರಳು ಕೊಯ್ದುಕೊಂಡು ಗಂಟು ಕಲಿತವಳು ಕಾಜಕ್ಕ. ಅಪ್ಪ ಅವಳಿಗೆ ಗಾಳ ಎಸೆಯಲು ಕಲಿಸಿದ್ದು ಮಾತ್ರ ಕೆರೆಯ ಬಯಲು ದಂಡೆಯಲ್ಲಿ. ಹಳ್ಳದ ಹತ್ತಿರ, ನೆರಳು ಬಿದ್ದರೆ ಮೀನು ಓಡುತ್ತದೆಂದು ದೂರ ಕೂರಿಸುತ್ತಿದ್ದ.

ಒಂದು ದಿನ ಅವಳು ಅಣ್ಣನ ಅಂಗಡಿಗೇ ನುಗ್ಗಿದಳು. ಕೀಲಿ ಮಾಡಿಸಲು ಬಂದವರು ಬೆಂಚಿನ ಮೇಲೆ ಕೂತಿದ್ದರು.

"ಒಂದು ಭಾನುವಾರ ನಿಂದು, ಒಂದು ನಂದು. ಅಪ್ಪ ನಿನಗೊಬ್ಬನಿಗೇ ಅಪ್ಪನಾ?"

ಅಣ್ಣ ಅರ ಉಜ್ಜುವುದನ್ನು ನಿಲ್ಲಿಸಲಿಲ್ಲ. "ಹೋಗು ತಾಯಿ, ಈ ಭಾನುವಾರ ನೀನೇ ಹೋಗು. ಒಂದೇ ಒಂದು ಮೀನು ತಾ, ಆಮೇಲೆ ನೀನು ಹೇಳಿದ ಹಾಗೆ ಸರದಿ. ಖಾಲಿ ಬುಟ್ಟಿ ತಂದೆಯೋ, ಮತ್ತೆ ಹಳ್ಳದ ಸುದ್ದಿ ಎತ್ತಬಾರದು."

"ಎತ್ತಲ್ಲ. ಕೋಲು ಇಳಿಸು."

ಕೋಲು ಇಳಿಸಿದ. ಜೊತೆಗೆ ಡ್ರಾಯರಿನಿಂದ ಒಂದು ತುದಿದಾರವನ್ನೂ ತೆಗೆದ. ಇದು ಎರೆಹುಳು ಚುಚ್ಚಿ ಕಾಯುವ ಗಾಳವಲ್ಲ. ಕೊಕ್ಕೆಗೆ ಗರಿ ಸುತ್ತಿ ನೊಣದ ಹಾಗೆ ಮಾಡಿ ನೀರಿನ ಮೇಲೆ ತೇಲಿಸುವ ಗಾಳ. ಕೋಲಿನ ಹುರಿ ದಪ್ಪ, ಮೀನಿನ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಹುರಿಗೂ ನೊಣಕ್ಕೂ ನಡುವೆ ನೀರಿನ ಬಣ್ಣದ ದಾರ ಕಟ್ಟಬೇಕು, ಬುಡದಲ್ಲಿ ದಪ್ಪಗೆ, ಹೋಗುತ್ತಾ ಹೋಗುತ್ತಾ ಸಣ್ಣಗೆ. ಅದೇ ತುದಿದಾರ. ಅಣ್ಣ ತೆಗೆದದ್ದು ಕಾಜಕ್ಕನ ಎತ್ತರಕ್ಕೂ ಬಾರದ ಗಿಡ್ಡ ತುಂಡು.

"ತಗೋ ಪುಟ್ಟಿ, ನಿನ್ನ ಕೈಗೆ ಇದೇ ಸರಿ. ಚಡ್ಡಿಗೆ ಲಾಡಿ ಕಟ್ಟಿದ ಹಾಗೆ ಕಟ್ಕೋ."

ಬೆಂಚಿನವರು ಕಿಸಕ್ಕೆಂದರು. ಅಂಗಡಿಯ ಹಿಂದಿನ ಮನೆಯೊಳಗಿನಿಂದ ಅತ್ತಿಗೆ, "ಲಾಡಿಯನ್ನಾದ್ರೂ ಕಳೀದೆ ತರೋದಕ್ಕೆ ಹೇಳ್ರೀ!" ಎಂದು ಕೂಗಿದಳು.

ಕಾಜಕ್ಕನ ಕಿವಿಯೆಲ್ಲ ಕೆಂಪಾಯಿತು. ಆ ದಾರವನ್ನು ಕಬ್ಬಿಣದ ಪುಡಿಯ ಡಬ್ಬಕ್ಕೆ ಎಸೆದಳು. "ನನಗೆ ದಾರದ ಪಾಠ ಹೇಳ್ತೀಯಾ? ಗಂಟು ಹಾಕೋಕೆ ಬರದೆ ನೀನು ಮೂಗು ಸುರಿಸ್ತಿದ್ದಾಗ ಹಾಕಿಕೊಟ್ಟವಳು ನಾನು!"

ಮನೆಗೆ ಬಂದು ತಾನೇ ಕಟ್ಟಲು ಕೂತಳು. ದಪ್ಪದಕ್ಕೆ ನಡುಗಾತ್ರದ್ದು, ಅದಕ್ಕೆ ಸಣ್ಣದು, ಕೊನೆಗೆ ಕೂದಲೆಳೆಯಂಥದ್ದು. ಸಣ್ಣ ದಾರ ಬಟ್ಟೆಯಲ್ಲಿ ಕಾಣುವುದಿಲ್ಲ, ನೀರಲ್ಲಿ ಕಾಣುತ್ತದೆಯೇ? ಕೆರೆಗೆ ಕಟ್ಟುತ್ತಿದ್ದಂತೆಯೇ ಎರಡಾಳು ಉದ್ದ ಕಟ್ಟಿದಳು. ಲಾಡಿಯಂತೆ ಲಾಡಿ!

ಭಾನುವಾರ ಹಳ್ಳಕ್ಕಿಳಿದಳು. ಎರಡೂ ದಡದ ಮರಗಳು ತಲೆಯ ಮೇಲೆ ಕೈ ಹೆಣೆದುಕೊಂಡಿದ್ದವು. ಮೊದಲ ಸಲ ಎಸೆದ ನೊಣ ಕೊಂಬೆಯಲ್ಲಿ ನೇತಾಡಿತು. ಎಳೆದರೆ ದಾರ ತುಂಡಾಯಿತು. ಮತ್ತೆ ಎಸೆದರೆ ದಾರವೆಲ್ಲ ನೀರಿನ ಮೇಲೆ ಗುಪ್ಪೆಯಾಗಿ ಬಿತ್ತು, ಅದರ ಮೇಲೆ ನೊಣ ಕೂತಿತು. ಕೆರೆಯಲ್ಲಾದರೆ ದಪ್ಪ ಹುರಿ ದೂರ ಓಡಿ ತನ್ನ ಭಾರದಿಂದಲೇ ದಾರವನ್ನು ನೆಟ್ಟಗೆ ಚಾಚುತ್ತಿತ್ತು. ಇಲ್ಲಿ ಹುರಿ ಕೋಲಿನ ಮೂತಿ ದಾಟುವುದರೊಳಗೆ ಹಳ್ಳವೇ ಮುಗಿಯುತ್ತಿತ್ತು. ಎದುರಿನ ಬಂಡೆಯ ಪಕ್ಕ ಮೀನೊಂದು ಆರಾಮಾಗಿ ಬಾಯಿ ತೆರೆದು ಮುಚ್ಚುತ್ತಿತ್ತು. ಕಾಜಕ್ಕ ಕೊಂಬೆಯನ್ನು ಬೈದಳು, ಅಣ್ಣನನ್ನು ಬೈದಳು, ಅಣ್ಣನ ಅತ್ತೆ ಮನೆಯವರನ್ನೂ ಬಿಡಲಿಲ್ಲ. ಒಂದೊಂದೇ ಕೊಂಬೆಯ ಪಾಲಾಗಿ ನೊಣಗಳ ಡಬ್ಬಿಯಲ್ಲಿ ಕೊನೆಯದೊಂದು ಉಳಿಯಿತು. ಅದೂ ಹೋದರೆ ಹಳ್ಳವೇ ಹೋದಂತೆ.

ಕಲ್ಲಿನ ಮೇಲೆ ಕೂತು ಸಿಕ್ಕು ಬಿಡಿಸುತ್ತಿದ್ದಾಗ, ಹೊಲಿಗೆ ಅಂಗಡಿಗೆ ಹೊಸದಾಗಿ ಬಂದ ಹುಡುಗಿಯರನ್ನು ತಾನೇ ಗದರುವುದು ನೆನಪಾಯಿತು. ಸೂಜಿಗೆ ಮಾರುದ್ದ ಪೋಣಿಸಿ ಸಿಕ್ಕು ಮಾಡಿಕೊಂಡರೆ, "ಈ ದಾರ ಹಿಡ್ಕೊಂಡು ಬಾವಿ ಅಳೀತೀಯೇನೇ?" ಎನ್ನುತ್ತಿದ್ದಳು. ಕೈ ನಿಂತಿತು. ಅಂದರೆ ಅಣ್ಣನ ಗಿಡ್ಡ ತುಂಡೇ ಸರಿಯಾಗಿತ್ತು.

ಅದು ಹೊಳೆದ ಮೇಲೆ ಸಿಟ್ಟು ಇಳಿಯಬೇಕಿತ್ತಲ್ಲ? ನೆತ್ತಿಗೇರಿತು. ಗೊತ್ತಿದ್ದೂ ಗೇಲಿ ಮಾಡಿ ಕೊಟ್ಟ! "ಕೊಂಬೆ ತಗ್ಗಾಗಿದೆ, ಗಿಡ್ಡದು ಕಟ್ಟು" ಅಂದಿದ್ದರೆ ಅವನ ನಾಲಿಗೆ ಸವೆಯುತ್ತಿತ್ತೇ? ತಾನದನ್ನು ತೆಗೆದುಕೊಳ್ಳಬಾರದೆಂದೇ ಹಾಗೆ ಕೊಟ್ಟಿದ್ದ, ಕಳ್ಳ.

ಗಂಟುಗಳನ್ನು ಹಲ್ಲಿನಿಂದ ಕಚ್ಚಿ ತೆಗೆದಳು. ಪ್ರತಿ ತುಂಡನ್ನೂ ಮೋಟು ಮಾಡಿ, ದಪ್ಪದಿಂದ ಸಣ್ಣಕ್ಕೆ ಇಳಿಯುವ ಹಾಗೆಯೇ ಮತ್ತೆ ಜೋಡಿಸಿದಳು. ಮಂಡಿಯೂರಿ, ಕೋಲನ್ನು ಅಡ್ಡ ಹಿಡಿದು ಕೊಂಬೆಯಡಿಯಿಂದ ಚಿಮ್ಮಿಸಿದಳು. ನೊಣ ಬಂಡೆಯ ಪಕ್ಕ ಮೆಲ್ಲಗೆ ಕೂತಿತು. ನೀರು ಗುಳುಕ್ಕೆಂದಿತು, ಕೋಲು ಬಾಗಿತು.

ಅಂಗೈಗಿಂತ ತುಸು ಉದ್ದದ ಮೀನು. ಅದನ್ನು ಒಯ್ದು ಅಣ್ಣನ ಊಟದ ಮೇಜಿನ ಮೇಲೆ ಇಟ್ಟಳು. ಅಣ್ಣ ಮೀನು ಬಿಟ್ಟು ಅವಳ ಕೋಲಿನ ದಾರ ನೋಡಿದ.

"ಲಾಡಿಯಷ್ಟೇ ಮಾಡಿದೀಯಲ್ಲೇ! ಹಾಗಾದ್ರೆ ಮೀನೂ ನಂದೇ ಲೆಕ್ಕ."

"ಅಳತೆ ಹಳ್ಳದ್ದು ಕಣೋ. ನೀನು ಕೊಟ್ಟಿದ್ದು ಅವಮಾನ."

ಅತ್ತಿಗೆಗೆ ಆ ಹೊತ್ತಿಗೆ ಒಲೆಯ ಮೇಲೆ ಇಟ್ಟಿದ್ದೇನೋ ನೆನಪಾಯಿತು, ಒಳಗೆ ಹೋದಳು. "ಆಯ್ತು ಬಿಡೇ, ಸರದಿ ಅಂದ್ರೆ ಸರದಿ" ಎಂದ ಅಣ್ಣ. "ಕೋಲು ಅಂಗಡೀಲಿ ನೇತು ಹಾಕು."

"ಇನ್ನು ನನ್ನ ಗೋಡೆಗೆ" ಎಂದು ಕಾಜಕ್ಕ ಕೋಲು ಹೊತ್ತು ನಡೆದೇಬಿಟ್ಟಳು.

ಅಲ್ಲಿಂದ ಮುಂದೆ ತನ್ನ ಭಾನುವಾರ ಬಂದಾಗಲೆಲ್ಲ ಅಣ್ಣ ಅವಳ ಬಾಗಿಲಿಗೆ ಬರಬೇಕಾಯಿತು. ಅವಳು ಅವನನ್ನು ಹೊಸ್ತಿಲಾಚೆಯೇ ನಿಲ್ಲಿಸಿ, ತಾನು ಕಟ್ಟಿಟ್ಟ ಗಿಡ್ಡ ತುದಿದಾರವನ್ನೂ ಕೋಲನ್ನೂ ಕೈಗಿಡುತ್ತಿದ್ದಳು.

"ಒಂದು ಲೋಟ ನೀರಾದ್ರೂ ಕೊಡೇ, ಬಿಸಿಲಲ್ಲಿ ಬಂದಿದೀನಿ."

"ಹಳ್ಳದ ತುಂಬ ಇದೆ, ಕುಡಿ ಹೋಗು" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು.