ಹೊಳಲ್ಕೆರೆಗೆ ಬಂದ ಜಾಝ್ ಟೇಪು

ಹೊಳಲ್ಕೆರೆಯಲ್ಲಿ ಫೋಟೊ ಸ್ಟುಡಿಯೊ ತೆರೆದ ಮೂರನೆಯ ದಿನ ಒಂದು ಮನೆಯಿಂದ ಕರೆ ಬಂತು. ಪಡಸಾಲೆಯಲ್ಲಿ ಭಜನೆ ನಡೆದಿತ್ತು. ಗೋಡೆಗೊರಗಿ ಒಬ್ಬ ಅಜ್ಜ ಕುಳಿತಿದ್ದರು. ಹಣೆ ತುಂಬ ವಿಭೂತಿ, ಕೊರಳ ತುಂಬ ಹಾರ. ಎಂಬತ್ತು ತುಂಬಿದ ಸಂಭ್ರಮವಿರಬೇಕು ಅಂದುಕೊಂಡು ಕ್ಯಾಮೆರಾ ಕಣ್ಣಿಗಿಟ್ಟು, "ಅಜ್ಜ, ಸ್ವಲ್ಪ ತಲೆ ಎತ್ತಿ" ಅಂದೆ. ಭಜನೆ ನಿಂತಿತು. ಹಿರಿಯ ಮಗ ಹತ್ತಿರ ಬಂದು ಮೆಲ್ಲಗೆ, "ಅಪ್ಪಾರು ಬೆಳಿಗ್ಗೆನೇ ತೀರ್ಕಂಡ್ರು ಕಣಮ್ಮ. ಹಂಗೇ ತೆಗೀರಿ" ಅಂದ.

ಮುಂಬಯಿಯಲ್ಲಿ ಸತ್ತವರನ್ನು ಮಲಗಿಸಿದ್ದಷ್ಟೇ ಕಂಡಿದ್ದೆ. ಇಲ್ಲಿ ಕೆಲವು ಮನೆಗಳಲ್ಲಿ ಕೂರಿಸಿಯೇ ಮಣ್ಣು ಮಾಡುತ್ತಾರೆಂದು ಆ ದಿನ ತಿಳಿಯಿತು. ನನಗೆ ನಾಚಿಕೆಯಾಗಬೇಕಿತ್ತು, ಭಯವಾದರೂ ಆಗಬೇಕಿತ್ತು. ಎರಡೂ ಆಗಲಿಲ್ಲ. ಬೆಳಕು ಸಾಲದು, ಕಿಟಕಿ ತೆಗೆಯಿರಿ ಎಂದು ಹೇಳಿ ಕೆಲಸ ಮುಗಿಸಿದೆ. ಆಂಟನಿ ಹೋದಮೇಲೆ ನಾನು ಹಾಗೇ ಆಗಿದ್ದೆ.

ಆಂಟನಿ ನನ್ನ ಗಂಡ, ಗೋವಾದವನು, ಸ್ಯಾಕ್ಸೊಫೋನ್ ನುಡಿಸುತ್ತಿದ್ದ. ಮುಂಬಯಿಯ ಮಾಟುಂಗದ ಕನ್ನಡದ ಮನೆಯಲ್ಲಿ ಹುಟ್ಟಿ ಬೆಳೆದ ನಾನು ಮೊದಲು ಒಂದು ರೆಕಾರ್ಡ್ ಕಂಪನಿಗೆ ರೆಕಾರ್ಡುಗಳ ರಟ್ಟುಹೊದಿಕೆಗೆ ಫೋಟೊ ತೆಗೆಯುತ್ತಿದ್ದೆ. ಆಮೇಲೆ ಅಲ್ಲಿಯೇ ಜಾಝ್ ರೆಕಾರ್ಡುಗಳ ನಿರ್ಮಾಪಕಿಯಾದೆ. ಯಾರು ನುಡಿಸಬೇಕು, ನುಡಿಸಿದ್ದರಲ್ಲಿ ಯಾವುದು ಉಳಿಯಬೇಕು ಎಂದು ತೀರ್ಮಾನಿಸುವ ಕೆಲಸ. ಜಾಝ್‌ನಲ್ಲಿ ಒಂದು ಧಾಟಿ ಹಿಡಿದು ಹೊರಟವರು ನಡುವೆ ಅದನ್ನು ಬಿಟ್ಟು ತೋಚಿದ ಕಡೆ ಅಲೆದು ಮತ್ತೆ ಮರಳುತ್ತಾರೆ. ತೊಂಬತ್ತರ ದಶಕದಲ್ಲಿ ಹೋಟೆಲುಗಳ ಬ್ಯಾಂಡು ಒಂದೊಂದಾಗಿ ನಿಂತವು, ನಮ್ಮ ವಿಭಾಗ ಮುಚ್ಚಿತು. ಆಂಟನಿ ಕೊನೆಗೆ ನುಡಿಸಿದ್ದು ರೆಕಾರ್ಡಾಗಿ ಹೊರಬರದೆ ಟೇಪಿನಲ್ಲೇ ಉಳಿಯಿತು. ಅದೇ ವರ್ಷ ಅವನೂ ಹೋದ. ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರೈಲ್ವೆ ಕೆಲಸದಲ್ಲಿದ್ದ ನನ್ನಣ್ಣ ಬಂದು, ಗಂಟುಮೂಟೆ ಕಟ್ಟಿಸಿ ಕರೆತಂದ. ನಾನು ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ.

ಸ್ಟುಡಿಯೊಗೆ ಹತ್ತಿರವಾಗಲೆಂದು ಹೊಳಲ್ಕೆರೆಯಲ್ಲೇ ಮನೆ ಹುಡುಕಿದೆ. ಮುಂಬಯಿಯಲ್ಲಿ ಬಾಡಿಗೆಗೆ ಮನೆ ಕೊಡುವವರು ಸಂಬಳ ಕೇಳುತ್ತಾರೆ, ಇಲ್ಲಿ ಯಾರ ಪೈಕಿ ಎಂದು ಕೇಳುತ್ತಾರೆ. ನನ್ನ ಉತ್ತರ ಕೇಳಿ ಎರಡು ಮನೆಯವರು ಬಾಗಿಲು ಮುಂದಕ್ಕೆಳೆದುಕೊಂಡರು. ಮೂರನೆಯ ಮನೆಯ ಗಂಗಮ್ಮ ಮಾತ್ರ, "ಮೊದ್ಲು ಕುಂತ್ಕಳ್ರಿ, ಉಂಡೀರೋ ಇಲ್ವೋ" ಅಂದರು. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿಸಿದವರೂ ಅವರೇ. ಮುಂಬಯಿಯಲ್ಲಿ ಯಾರೂ ಮಾತಾಡಿಸದೆ ಒಂಟಿಯಾಗಿದ್ದೆ. ಇಲ್ಲಿ ದಾರಿಯುದ್ದಕ್ಕೂ ಮಾತಾಡಿಸುತ್ತಿದ್ದರು, ಆದರೂ ಒಂಟಿಯೇ.

ಒಂದು ಮಧ್ಯಾಹ್ನ ಭರಮಸಾಗರದ ತಿಪ್ಪೇಸ್ವಾಮಿ ಬಂದರು. ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದುವವರು, ಐವತ್ತರ ಆಸುಪಾಸು. ಬ್ಯಾಂಡಿನ ಫೋಟೊ ಬೇಕಿತ್ತು. ಗೋಡೆಯ ಮೇಲೆ ಸ್ಯಾಕ್ಸೊಫೋನ್ ಹಿಡಿದು ನಿಂತ ಆಂಟನಿಯ ಚಿತ್ರ ನೋಡಿ, ಇವರು ನುಡಿಸಿದ್ದು ಕೇಳಬಹುದೇ ಎಂದರು. ಇಲ್ಲ ಎನ್ನುವುದಕ್ಕೂ ನನಗೆ ಕಾರಣ ತೋಚಲಿಲ್ಲ. ಮೂರು ವರ್ಷದಿಂದ ಮುಟ್ಟದ ಟೇಪು ಹಾಕಿದೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಇವ್ರು ದಾರಿ ಬಿಟ್ಟು ಹೊಲದಾಗೆ ಇಳಿದುಬಿಟ್ರಲ್ಲಮ್ಮ" ಅಂದರು. "ಮೆರವಣಿಗೆಯಾಗೆ ನಾವು ಹಿಂಗೆ ಇಳಿದ್ರೆ ಬೀಗರು ಬೈತಾರೆ."

"ಬೀಗರಿಲ್ಲದ ಕಡೆ ಇಳೀರಿ" ಅಂದೆ. ಎಷ್ಟೋ ಕಾಲದ ಮೇಲೆ ಒಬ್ಬ ವಾದಕನಿಗೆ ಹಾಗೆ ಹೇಳಿದ್ದೆ.

ಮುಂದಿನ ಭಾನುವಾರ ಭರಮಸಾಗರದ ಶಾಲೆಯ ಕೋಣೆಯಲ್ಲಿ, ಕಿಟಕಿಗಳಿಗೆ ಕಂಬಳಿ ಕಟ್ಟಿ, ತಿಪ್ಪೇಸ್ವಾಮಿ ಊದಿದ್ದನ್ನು ಮುದ್ರಿಸಿಕೊಂಡೆ. ಸೋಬಾನೆ ಪದದ ಧಾಟಿಯಿಂದ ಶುರುಮಾಡಿದರು. ಸ್ವಲ್ಪ ಹೊತ್ತಿಗೆ ಅದನ್ನು ಬಿಟ್ಟರು. ನಡುವೆ ಟೇಪು ಮುಗಿದು ಖಾಲಿ ಸುತ್ತತೊಡಗಿದ್ದು ನನಗೆ ಕಾಣುತ್ತಿತ್ತು. ಹಿಂದೆಲ್ಲ ಇಂಥ ಹೊತ್ತಿನಲ್ಲಿ ಕೈಯೆತ್ತಿ ನಿಲ್ಲಿಸುತ್ತಿದ್ದವಳು ಅಂದು ಎತ್ತಲಿಲ್ಲ. ಅವರು ಮರಳಿ ಸೋಬಾನೆಗೆ ಬಂದು ನಿಲ್ಲಿಸಿದ ಮೇಲೆಯೇ ಯಂತ್ರ ಆರಿಸಿದೆ. ಕೊನೆಯ ಭಾಗ ಸಿಗಲಿಲ್ಲ ಎಂದು ಒಪ್ಪಿಕೊಂಡೆ. "ನೀವು ಕೇಳಿದ್ರಲ್ಲ, ಸಾಕು ಬಿಡ್ರಿ" ಅಂದರು.

ಕೆಲವು ವರ್ಷಗಳಾದ ಮೇಲೆ ಮುಂಬಯಿಯ ಹೊಸ ಕಂಪನಿಯೊಂದು ಆಂಟನಿಯ ಟೇಪನ್ನು ಸಿಡಿ ಮಾಡಲು ನನ್ನನ್ನು ಕರೆಸಿತು. ನಡುವೆ ಅವನು ಕೆಮ್ಮುವುದನ್ನು ಅಳಿಸೋಣ ಎಂದರು. ಬೇಡ ಎಂದೆ. ಅದೊಂದಕ್ಕೆ ಮಾತ್ರ ಜಗಳವಾಡಿದೆ, ಗೆದ್ದೆ. ತಿಪ್ಪೇಸ್ವಾಮಿಯವರದನ್ನೂ ಕೇಳಿಸಿದೆ. ಚೆನ್ನಾಗಿದೆ, ಆದರೆ ಇದನ್ನು ಯಾರು ಕೊಳ್ಳುತ್ತಾರೆ ಎಂದರು.

ಕೆಲಸ ಮುಗಿದ ದಿನ ಮಾಟುಂಗದಲ್ಲಿ ನಾವು ಹೋಗುತ್ತಿದ್ದ ಹಳೆಯ ಹೋಟೆಲಿನಲ್ಲಿ ಕುಳಿತು, "ಬಿಸಿನೀರು ಐತಾ?" ಎಂದು ಕೇಳಿದೆ. ‘ಇದೆಯಾ’ ಎನ್ನಲು ಹೊಳಲ್ಕೆರೆ ಕಡೆಯ ಮಾತು. ಗಲ್ಲಾದಲ್ಲಿದ್ದ ಉಡುಪಿ ಕಡೆಯ ಹೊಸಬರು ನಕ್ಕು, ಯಾವೂರಿಂದ ಬಂದಿರಿ, ಮುಂಬಯಿ ನೋಡಿದಿರಾ ಎಂದು ವಿಚಾರಿಸಿದರು. ನಾನು ಹುಟ್ಟಿದ ಮನೆ ಎದುರು ಸಾಲಿನಲ್ಲೇ ಇತ್ತು. ಇನ್ನೂ ನೋಡಬೇಕು ಎಂದೆ.

ಎರಡು ದಿನದ ಮೇಲೆ ಚಿಕ್ಕಜಾಜೂರಿನಲ್ಲಿ ಇಳಿದು ಹೊಳಲ್ಕೆರೆ ಸೇರಿದೆ. ಗಂಗಮ್ಮ ಬಾಗಿಲಲ್ಲೇ ಕೇಳಿದರು: "ಊರಿಗೋಗಿ ಬಂದ್ರಾ? ಊರಾಗೆ ನಿಮ್ಮೋರೆಲ್ಲ ಚೆನ್ನಾಗವ್ರಾ?"

ಅಲ್ಲಿ ನನ್ನವರು ಯಾರೂ ಉಳಿದಿರಲಿಲ್ಲ. "ಚೆನ್ನಾಗವ್ರೆ" ಅಂದೆ.